ಬೀಡಿ ಸೇದದವರಿಗೂ ದಮ್ಮು ಯಾಕೆ ಬರುತ್ತದೆ?

ದಮ್ಮು ಎಂದು ಬಂದ ಗಂಡಸರನ್ನು ಎಲ್ಲ ಡಾಕ್ಟರೂ ಬೀಡಿ, ಸಿಗರೇಟಿನ ಬಗ್ಗೆ ಕೇಳುತ್ತಾರೆ. ಹೆಂಗಸರು ಬಂದರೆ ನಾನು ಒಲೆಯ ಬಗ್ಗೆ ಕೇಳುತ್ತೇನೆ. ಬಚ್ಚಲಲ್ಲಿ ಕಟ್ಟಿಗೆ ಒಲೆಯೋ? ಹೊಗೆ ಹೋಗಲು ದಾರಿ ಇದೆಯೋ? ಅಡಿಕೆ ಬೇಯಿಸುವಾಗ ಬೆಂಕಿ ನೋಡಿಕೊಳ್ಳುವವರು ಯಾರು? ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಬರುವ, ಐವತ್ತು ದಾಟಿದವರ ಉಬ್ಬಸಕ್ಕೆ ಕಾರಣ ಎಷ್ಟೋ ಸಲ ಈ ಉತ್ತರಗಳಲ್ಲೇ ಸಿಗುತ್ತದೆ.

"ಸುತ್ತ ಕಾಡೇ ಇದೆ, ನಮ್ಮಲ್ಲಿ ಎಂಥಾ ಮಾಲಿನ್ಯ ಡಾಕ್ಟ್ರೇ?" ಅನ್ನುತ್ತಾರೆ. ಅಂಗಳದ ಗಾಳಿ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಬಚ್ಚಲ ಒಲೆಗೆ ಬೆಂಕಿ ಮಾಡುವವರ ಮೂಗಿಗೆ ಆ ಗಾಳಿ ಸಿಗುವುದೇ ಇಲ್ಲ. ಹೊಗೆಯ ಅತಿಸಣ್ಣ ಕಣಗಳಿಗೆ ಪಿಎಂ 2.5 ಎನ್ನುತ್ತಾರೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಹಾಕಿದ ಮಿತಿ, ದಿನದ ಸರಾಸರಿ ಲೆಕ್ಕದಲ್ಲಿ, ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 60. ಹೊಗೆಗೂಡಿಲ್ಲದ ಕೋಣೆಯಲ್ಲಿ ಕಟ್ಟಿಗೆ ಉರಿಯುವಾಗ ಇದು ನೂರಾರು ಆಗುತ್ತದೆ, ಕೆಲವು ಸಲ ಸಾವಿರವನ್ನೂ ದಾಟುತ್ತದೆ. ಮಳೆಗಾಲದಲ್ಲಂತೂ ಕಟ್ಟಿಗೆ ಹಸಿ, ಬಾಗಿಲು ಕಿಟಕಿ ಬಂದ್.

ಕರಾವಳಿಯವರು ಹೆದ್ದಾರಿ 66ರ ದೂಳಿನ ಬಗ್ಗೆ ಕೇಳುತ್ತಾರೆ. ಅದೂ ತೊಂದರೆಯೇ. ಆದರೆ ದೂಳಿನ ದಪ್ಪ ಕಣಗಳನ್ನು ಮೂಗು, ಗಂಟಲು ಬಹುಪಾಲು ತಡೆಯುತ್ತವೆ. ಹೊಗೆಯ ಕಣ ಶ್ವಾಸಕೋಶದ ತುದಿಯವರೆಗೆ ಹೋಗುತ್ತದೆ, ಅಲ್ಲಿಂದ ರಕ್ತಕ್ಕೂ ಸೇರುತ್ತದೆ. ಹಾಗಾಗಿ ಹೃದಯಕ್ಕೂ ಅಪಾಯ. ಇಂಥ ಹೊಗೆಯಲ್ಲಿ ಬೆಳೆಯುವ ಚಿಕ್ಕ ಮಕ್ಕಳಿಗೆ ನ್ಯುಮೋನಿಯಾ ಜಾಸ್ತಿ.

ವರ್ಷಗಟ್ಟಲೆ ಹೊಗೆ ಕುಡಿದರೆ ಉಸಿರಿನ ನಾಳಗಳು ಊದಿ ದಪ್ಪಗಾಗುತ್ತವೆ, ಗಾಳಿಯ ಚೀಲಗಳು ಹಾಳಾಗುತ್ತವೆ. ಹಾಳಾದ ಚೀಲ ಮತ್ತೆ ಬೆಳೆಯುವುದಿಲ್ಲ. ಇದೇ ಸಿಒಪಿಡಿ. ನನಗೆ ಸಂಕಟವಾಗುವುದು ಇದು ತಿಳಿಯುವ ರೀತಿಗೆ. ಉಸಿರು ಸಾಲದಾದಾಗ ನಮ್ಮ ಹೆಂಗಸರು ದೂರು ಹೇಳುವುದಿಲ್ಲ, ಕೆಲಸ ಕಡಿಮೆ ಮಾಡಿಕೊಳ್ಳುತ್ತಾರೆ. ಮೊದಲು ತೋಟಕ್ಕೆ ಇಳಿಯುವುದು ನಿಲ್ಲುತ್ತದೆ. ಆಮೇಲೆ ಸೊಪ್ಪಿನ ಹೊರೆ, ಆಮೇಲೆ ಬಾವಿಯ ನೀರು. ಮನೆಯವರು "ವಯಸ್ಸಾಯ್ತು" ಅಂದುಕೊಳ್ಳುತ್ತಾರೆ. ಆಸ್ಪತ್ರೆಗೆ ಬರುವ ಹೊತ್ತಿಗೆ ಶ್ವಾಸಕೋಶದ ಶಕ್ತಿ ಅರ್ಧಕ್ಕೆ ಇಳಿದಿರುವುದೂ ಉಂಟು.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಎಷ್ಟೋ ಬಡವರ ಅಡುಗೆಮನೆಗೂ ಗ್ಯಾಸ್ ಬಂತು. ಸ್ನಾನದ ನೀರು ಮಾತ್ರ ಇನ್ನೂ ಕಟ್ಟಿಗೆಯದ್ದೇ. ಸೋಲಾರ್ ಹಾಕಿಸಿ ಅಂತ ಸುಮ್ನೆ ಹೇಳಿ ಕಳಿಸಲು ನನಗೆ ಮನಸ್ಸಾಗುವುದಿಲ್ಲ. ಘಟ್ಟದ ಮೇಲಿನ ಮಳೆಗಾಲದಲ್ಲಿ ಅದು ಎಷ್ಟು ಬಿಸಿ ಮಾಡೀತು? ಆಗುವ ಕೆಲಸ ಹೊಗೆಗೂಡು. ಅದು ಮಾಡಿನ ತುದಿಗಿಂತ ಮೇಲೆ ಹೋಗಬೇಕು. ಆಗಾಗ ಮಸಿ ತೆಗೆಯಬೇಕು, ಇಲ್ಲದಿದ್ದರೆ ಹೊಗೆ ಒಳಗೇ ತಿರುಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಕಟ್ಟಿಗೆಯನ್ನೂ ಉಳಿಸುತ್ತಿತ್ತು, ಹೊಗೆಯನ್ನೂ ಹೊರಗೆ ಹಾಕುತ್ತಿತ್ತು. ಅಂಥ ಒಲೆ ಇದ್ದರೆ ದಯವಿಟ್ಟು ಕೆಡವಬೇಡಿ, ರಿಪೇರಿ ಮಾಡಿಸಿ. ಬೆಂಕಿ ಹಿಡಿಸಲು ಪ್ಲಾಸ್ಟಿಕ್ ಕೊಟ್ಟೆ ಹಾಕುವುದನ್ನು ಇವತ್ತೇ ಬಿಡಿ. ಅದರ ಹೊಗೆ ಕಟ್ಟಿಗೆಯದ್ದಕ್ಕಿಂತ ಕೆಟ್ಟದ್ದು.

ಅಡಿಕೆ ಬೇಯಿಸುವ ಒಲೆ ತೆರೆದ ಜಾಗದಲ್ಲಿರಲಿ. ಒಬ್ಬರೇ ದಿನವಿಡೀ ಅದರ ಮುಂದೆ ಕೂರಬಾರದು, ಸರದಿ ಮಾಡಿಕೊಳ್ಳಿ. ಮುಖಕ್ಕೆ ಕಟ್ಟುವ ಬಟ್ಟೆ ಈ ಸಣ್ಣ ಕಣಗಳನ್ನು ತಡೆಯುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್‌95 ಮಾಸ್ಕ್ ತಡೆಯುತ್ತದೆ.

ಎರಡು ವಾರ ದಾಟಿದ ಕೆಮ್ಮು, ಬೆಳಗಿನ ಕಫ, ಏರು ಹತ್ತುವಾಗ ಏದುಸಿರು ಇದ್ದರೆ ಪರೀಕ್ಷೆ ಮಾಡಿಸಿ. ಕಫದಲ್ಲಿ ಕ್ಷಯ ಇಲ್ಲ ಎಂದು ಖಾತ್ರಿಯಾದ ಮೇಲೂ ಸ್ಪೈರೋಮೆಟ್ರಿ ಬೇಕು. ಒಂದು ಕೊಳವೆಗೆ ಜೋರಾಗಿ ಊದುವುದು, ಅಷ್ಟೇ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಊದಿದಾಗ ರೋಗ ಗೊತ್ತಾಗುತ್ತದೆ. ಇನ್‌ಹೇಲರ್ ಕೊಟ್ಟರೆ "ಅಭ್ಯಾಸ ಆಗ್ತದೆ" ಎಂದು ಹೆದರಬೇಡಿ. ಅದು ಚಟ ಹಿಡಿಸುವ ಔಷಧಿಯಲ್ಲ. ಔಷಧಿ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಮಾತ್ರೆಗಿಂತ ಕಡಿಮೆ ಪ್ರಮಾಣ ಸಾಕು. ಔಷಧಿ ಶುರುವಾದ ದಿನದಿಂದ ಒಲೆಯ ಕೆಲಸ ಮನೆಯಲ್ಲಿ ಬೇರೆಯವರು ವಹಿಸಿಕೊಳ್ಳಬೇಕು. ಈ ಮಾತನ್ನು ನಾನು ರೋಗಿಗಿಂತ ಜೊತೆಗೆ ಬಂದ ಮಗನಿಗೆ ಜಾಸ್ತಿ ಹೇಳುತ್ತೇನೆ.