ಗುಲಾಬಿಯನ್ನು ಬುಡದಿಂದ ಬಿಡಿಸಿ

ಗುಲಾಬಿ ಚಿತ್ರ ಬಿಡಿಸುವುದನ್ನು ಹೇಳಿಕೊಡುವವರಲ್ಲಿ ತುಂಬಾ ಜನ ಶುರು ಮಾಡುವುದೇ ಸುರುಳಿಯಿಂದ. ನಡುವೆ ಒಂದು ಸುತ್ತು, ಅದರಾಚೆ ಇನ್ನೊಂದು ಸುತ್ತು, ಕೊನೆಗೆ ಪಕ್ಕದಲ್ಲಿ ಎರಡು ಎಲೆ. ಇನ್ನು ಕೆಲವರು ಹೂವಿನ ಫೋಟೋ ಮೇಲೆ ಗೋಲ್ಡನ್ ರೇಶಿಯೋ (ಸುಮಾರು 1.618ರ ಅನುಪಾತ) ಸುರುಳಿಯನ್ನು ಅಂಟಿಸಿ, ಇದು ಪ್ರಕೃತಿಯ ದಿವ್ಯ ಸಂಖ್ಯೆ ಎಂದು ಕೈಮುಗಿಯುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಗುಲಾಬಿಯಲ್ಲಿ ಅಂಥ ಉದ್ದನೆಯ ಒಂದೇ ಗೆರೆ ಇಲ್ಲವೇ ಇಲ್ಲ. ಇರುವುದೆಲ್ಲ ಬಿಡಿಬಿಡಿ ಎಸಳು. ಪ್ರತಿ ಎಸಳೂ ಒಳಗೆ ಇಳಿದು ಬುಡಕ್ಕೆ ಅಂಟಿಕೊಂಡಿರುತ್ತದೆ. ಆ ಬುಡವನ್ನು ಮರೆತು ಸುಮ್ನೆ ಸುತ್ತುತ್ತಾ ಹೋದರೆ ಕಾಗದದ ಮೇಲೆ ಬರುವುದು ಎಲೆಕೋಸು.

ಹಾಗಾಗಿ ಪೆನ್ಸಿಲ್ ಹಿಡಿಯುವ ಮೊದಲು ಹೂವನ್ನು ತಲೆಕೆಳಗು ಮಾಡಿ ನೋಡಿ. ತೊಟ್ಟಿನ ತುದಿಯಲ್ಲಿ ಚಿಕ್ಕದೊಂದು ಹಸಿರು ಗುಂಡು. ಅದರ ಮೇಲೆ ಐದು ಹಸಿರು ಪುಷ್ಪಪತ್ರಗಳು, ಅಂದರೆ ಮೊಗ್ಗನ್ನು ಮುಚ್ಚಿಕೊಂಡಿದ್ದ ಎಲೆಯಂಥವು. ಇವುಗಳ ಅಂಚನ್ನು ಸ್ವಲ್ಪ ಗಮನಿಸಿ. ಎರಡಕ್ಕೆ ಎರಡೂ ಕಡೆ ಸಣ್ಣ ಸಣ್ಣ ಎಳೆಗಳು ಚಾಚಿರುತ್ತವೆ. ಎರಡರ ಅಂಚು ಪೂರ್ತಿ ನುಣುಪು. ಉಳಿದ ಒಂದಕ್ಕೆ ಒಂದೇ ಕಡೆ ಎಳೆ! ಎಲ್ಲ ತಳಿಗಳಲ್ಲೂ ಇದು ಎದ್ದು ಕಾಣುವುದಿಲ್ಲ, ಆದರೆ ಕಾಡುಗುಲಾಬಿಗಳಲ್ಲಿ, ಹಳೆಯ ತೋಟದ ತಳಿಗಳಲ್ಲಿ ಚೆನ್ನಾಗಿ ಕಾಣುತ್ತದೆ. ಯುರೋಪಿನಲ್ಲಿ ಇದರ ಮೇಲೆ ಲ್ಯಾಟಿನ್ನಿನ ಹಳೇ ಒಗಟೇ ಇದೆ: ಅಣ್ಣತಮ್ಮಂದಿರು ಐವರು, ಇಬ್ಬರಿಗೆ ಗಡ್ಡ ಇದೆ, ಇಬ್ಬರಿಗೆ ಇಲ್ಲ, ಒಬ್ಬನಿಗೆ ಅರ್ಧ ಗಡ್ಡ.

ಈ ಅರ್ಧ ಗಡ್ಡದವನು ಎಲ್ಲಿಂದ ಬಂದ? ಪುಷ್ಪಪತ್ರಗಳು ಒಟ್ಟಿಗೆ ಹುಟ್ಟುವುದಿಲ್ಲ, ಒಂದಾದ ಮೇಲೆ ಒಂದು ಬರುತ್ತವೆ. ಅದೂ ಪಕ್ಕಪಕ್ಕದಲ್ಲಿ ಅಲ್ಲ. ಮೊದಲನೆಯದು ಹುಟ್ಟಿದ ಜಾಗದಿಂದ ಸುಮಾರು 144 ಡಿಗ್ರಿ ತಿರುಗಿದರೆ ಎರಡನೆಯದು. ಅಲ್ಲಿಂದ ಮತ್ತೆ 144 ಡಿಗ್ರಿಗೆ ಮೂರನೆಯದು. ಹೀಗೆ ಹೋದರೆ ಐದೂ ಸೇರಿ ಎರಡು ಸುತ್ತು ಮುಗಿಯುತ್ತದೆ, ಪಕ್ಕದವರ ನಡುವೆ 72 ಡಿಗ್ರಿ ಅಂತರ ಉಳಿಯುತ್ತದೆ. ಮೊಗ್ಗಿನಲ್ಲಿ ಮೊದಲು ಬಂದದ್ದು ಹೊರಗೆ, ಆಮೇಲೆ ಬಂದದ್ದು ಒಳಗೆ. ಮೊದಲನೆಯದು, ಎರಡನೆಯದರ ಎರಡೂ ಅಂಚು ಹೊರಗಿರುತ್ತವೆ, ಅವಕ್ಕೆ ಪೂರ್ತಿ ಗಡ್ಡ. ನಾಲ್ಕನೆಯದು, ಐದನೆಯದರ ಎರಡೂ ಅಂಚು ಮುಚ್ಚಿಹೋಗಿರುತ್ತವೆ, ಅವು ಬೋಳು. ಮೂರನೆಯದರ ಒಂದು ಅಂಚು ಮೊದಲನೆಯದರ ಅಡಿಯಲ್ಲಿ, ಇನ್ನೊಂದು ಐದನೆಯದರ ಮೇಲೆ. ಅದೇ ಅರ್ಧ ಗಡ್ಡ. ಕಾಗದದ ಮೇಲೆ ಒಂದು ವೃತ್ತ ಹಾಕಿ ಐದು ಚುಕ್ಕೆಗಳನ್ನು ಇದೇ ಕ್ರಮದಲ್ಲಿ ಇಟ್ಟು ನೋಡಿ, ನಿಮಗೇ ಗೊತ್ತಾಗುತ್ತದೆ. ದಿವ್ಯ ಸಂಖ್ಯೆಯ ಹಂಗಿಲ್ಲದೆ ಇಷ್ಟು ಚಂದದ ಲೆಕ್ಕ ಸಿಗುತ್ತದೆ ಅಲ್ವಾ?

ಚಿತ್ರಕ್ಕೆ ಬೇಕಾದದ್ದೂ ಇದೇ ಐದು. ತೊಟ್ಟಿನ ಗೆರೆಯನ್ನು ಹೂವಿನ ಒಳಗಿನವರೆಗೂ ತೆಳ್ಳಗೆ ಎಳೆಯಿರಿ. ಅದರ ಮೇಲೆ ಒಂದು ಬಟ್ಟಲಿನ ಆಕಾರ. ನೀವು ಪಕ್ಕದಿಂದ ನೋಡಿದಷ್ಟೂ ಬಟ್ಟಲಿನ ಬಾಯಿ ಚಪ್ಪಟೆಯಾಗುತ್ತದೆ. ಎರಡು ಪುಷ್ಪಪತ್ರಗಳ ನಡುವಿನ ಸಂದಿನಲ್ಲಿ ಹೊರಗಿನ ಒಂದೊಂದು ಎಸಳು. ಅದರ ಒಳಗಿನದು ಮತ್ತೆ ಸಂದು ಮುಚ್ಚುವ ಹಾಗೆ. ಎಲ್ಲರೂ ಮೊದಲು ಬರೆಯುವ ನಡುವಿನ ಸುತ್ತನ್ನು ಕೊನೆಗೆ ಬಿಡಿ.

ಕಾಡುಗುಲಾಬಿಗೆ ಸಾಮಾನ್ಯವಾಗಿ ಐದೇ ಎಸಳು. ತೋಟದ ಗುಲಾಬಿಗೆ ಅಷ್ಟೊಂದು ಎಲ್ಲಿಂದ ಬಂತು? ಪರಾಗ ಹೊರುವ ಕೇಸರವಾಗಬೇಕಿದ್ದವು ಎಸಳಾಗಿವೆ. ಜರ್ಮನಿಯ ಕವಿ ಗಯಟೆ 1790ರಲ್ಲೇ ಕೇಸರ ಎಸಳಾಗಿ ಬದಲಾಗುವುದನ್ನು ವಿವರಿಸಿದ್ದರು. ಒಂದು ಪನ್ನೀರು ಗುಲಾಬಿಯ ಎಸಳುಗಳನ್ನು ಹೊರಗಿನಿಂದ ಒಂದೊಂದಾಗಿ ಕೀಳುತ್ತಾ ಬನ್ನಿ. ಒಳಗೆ ಹೋದಂತೆ ಎಸಳು ಕಿರಿದಾಗಿ, ಮುದುಡಿಕೊಂಡು, ಸೊಟ್ಟಗಾಗುತ್ತದೆ. ಕೆಲವದರ ಅಂಚಿನಲ್ಲಿ ಹಳದಿ ಪರಾಗದ ಚೀಲದ ಗುರುತೂ ಸಿಗಬಹುದು. ನಡುಭಾಗ ಅಚ್ಚುಕಟ್ಟಾಗಿ ಬರಲಿಲ್ಲ ಎಂದು ಹೊಸಬರು ಕೊರಗುತ್ತಾರೆ. ಹೂವಿನಲ್ಲೇ ಅದು ಅಚ್ಚುಕಟ್ಟಾಗಿಲ್ಲ.

ಇನ್ನು ಬಣ್ಣ. ಮಡಿಕೆಯ ನೆರಳಿಗೆ ದಯವಿಟ್ಟು ಕಪ್ಪು ಹಚ್ಚಬೇಡಿ. ಒಂದು ಕೆಂಪು ಎಸಳು ತನ್ನ ಮೇಲೆ ಬಿದ್ದ ಕೆಂಪು ಬೆಳಕಿನಲ್ಲಿ ನೂರಕ್ಕೆ 60 ಪಾಲನ್ನು, ಹಸಿರಿನಲ್ಲಿ 5 ಪಾಲನ್ನು ವಾಪಸ್ ಕಳಿಸುತ್ತದೆ ಅಂದುಕೊಳ್ಳಿ. ಆ ಬೆಳಕು ಎದುರಿನ ಎಸಳಿಗೆ ತಾಗಿ ಮತ್ತೆ ಹೊರಬಂದಾಗ ಕೆಂಪು 36, ಹಸಿರು 0.25 ಪಾಲು ಮಾತ್ರ. ಮೊದಲು ಕೆಂಪು ಹಸಿರಿನ 12 ಪಟ್ಟಿತ್ತು, ಈಗ 144 ಪಟ್ಟು. ಅಂದರೆ ಸಂದಿನಲ್ಲಿ ಬೆಳಕು ಕಡಿಮೆಯಾದರೂ ಕೆಂಪು ಇನ್ನೂ ಗಾಢವಾಗುತ್ತದೆ. ಜಲವರ್ಣದಲ್ಲಿ ಇದನ್ನು ತರುವುದು ಸುಲಭ. ಒಂದು ಕೋಟ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಅದೇ ಕೆಂಪನ್ನು ಮಡಿಕೆಯ ಜಾಗಕ್ಕೆ ಮಾತ್ರ ಇನ್ನೊಂದು ಸಲ, ಮತ್ತೊಂದು ಸಲ ಹಚ್ಚಿ. ಬೆಳಕು ಪ್ರತಿ ಪದರವನ್ನೂ ದಾಟಿ ಕಾಗದಕ್ಕೆ ತಾಗಿ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಎಸಳುಗಳ ನಡುವೆ ನಡೆಯುವ ಸೋಸುವಿಕೆಯೇ ಇಲ್ಲೂ ನಡೆಯುತ್ತದೆ.

ಯಾವ ಕೆಂಪು ಅನ್ನುವುದೂ ಮುಖ್ಯ. ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್‌ಗೋ 1890ರ ಮೇ ತಿಂಗಳಲ್ಲಿ, ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆ ಬಿಡುವ ಮುಂಚೆ, ಗುಲಾಬಿಗಳ ಎರಡು ದೊಡ್ಡ ಚಿತ್ರ ಬರೆದರು. ಈಗ ಒಂದು ವಾಷಿಂಗ್ಟನ್ನಿನಲ್ಲಿದೆ, ಇನ್ನೊಂದು ನ್ಯೂಯಾರ್ಕಿನಲ್ಲಿ. ನೋಡಿದವರು ಬಿಳಿ ಗುಲಾಬಿ ಅಂದುಕೊಳ್ಳುತ್ತಾರೆ. ವ್ಯಾನ್‌ಗೋ ಬರೆದದ್ದು ನಸುಗೆಂಪು ಹೂಗಳನ್ನು. ಬಳಸಿದ ಕೆಂಪು ಬೆಳಕಿಗೆ ಮಾಸಿಹೋಗಿದೆ.

ಬಣ್ಣ ಕೊಳ್ಳುವಾಗ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ವರ್ಣದ್ರವ್ಯದ ಸಂಕೇತ ಓದಿ. ಪಿಆರ್ 83 (PR83) ಎಂದಿದ್ದರೆ ಅದು ಅಲಿಜರಿನ್, ತೆಳುವಾಗಿ ಹಚ್ಚಿದರೆ ಬೇಗ ಮಾಸುತ್ತದೆ. ಪಿವಿ 19 (PV19) ಎಂದಿದ್ದರೆ ಕ್ವಿನಾಕ್ರಿಡೋನ್, ಇದು ಜಾಸ್ತಿ ಬಾಳುತ್ತದೆ. ಏನೂ ಬರೆದಿಲ್ಲವಾದರೆ ಒಂದು ಪಟ್ಟಿ ಕಾಗದಕ್ಕೆ ತೆಳ್ಳಗೆ ಹಚ್ಚಿ, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಡಿ. ಒಂದೆರಡು ತಿಂಗಳು ಬಿಟ್ಟು ರಟ್ಟು ತೆಗೆದು ಎರಡೂ ಭಾಗ ಹೋಲಿಸಿ ನೋಡಿ.