ಇಂಗ್ಲಿಷ್ ವರ್ತಮಾನಕಾಲದಲ್ಲಿ ಉಳಿದ ಒಂಟಿ ಪ್ರತ್ಯಯ

ಇಂಗ್ಲಿಷಿನ ನಿಯತ ಕ್ರಿಯಾಪದಕ್ಕೆ ವರ್ತಮಾನಕಾಲದಲ್ಲಿ ಎರಡೇ ರೂಪಗಳಿವೆ. ಐ, ಯೂ, ವೀ, ದೇ ಎಂಬ ಕರ್ತೃಗಳೊಡನೆ ‘ಲವ್’ ಇದ್ದಂತೆಯೇ ಇರುತ್ತದೆ. ಹೀ, ಶೀ, ಇಟ್ ಬಂದಾಗ ಮಾತ್ರ ‘ಎಸ್’ ಸೇರಿ ‘ಲವ್ಸ್’ ಆಗುತ್ತದೆ. ಪ್ರೀತಿಸುತ್ತೇನೆ, ಪ್ರೀತಿಸುತ್ತೀಯ, ಪ್ರೀತಿಸುತ್ತಾಳೆ ಎಂದು ಕರ್ತೃವಿಗೊಂದು ಆಖ್ಯಾತ ಪ್ರತ್ಯಯ ಹಚ್ಚುವ ನಮಗೆ ಇದು ಹಗುರವೆನಿಸಬೇಕಿತ್ತು. ಆದರೂ ಕನ್ನಡದ ಮಕ್ಕಳ ಇಂಗ್ಲಿಷ್ ಬರಹದಲ್ಲಿ ಪದೇ ಪದೇ ಬಿಟ್ಟುಹೋಗುವುದು ಆ ಒಂದೇ ಅಕ್ಷರ.

ಸಾವಿರ ವರ್ಷಗಳ ಹಿಂದೆ ಇದೇ ಕ್ರಿಯಾಪದಕ್ಕೆ ನಾಲ್ಕು ರೂಪಗಳಿದ್ದವು: ‘ನಾನು’ ಎಂಬುದಕ್ಕೆ ಲುವಿಯೆ, ‘ನೀನು’ ಎಂಬುದಕ್ಕೆ ಲುವಸ್ತ್, ‘ಅವನು’ ಎಂಬುದಕ್ಕೆ ಲುವಥ್, ಬಹುವಚನಕ್ಕೆಲ್ಲ ಲುವಿಯಥ್. ಒತ್ತು ಪದದ ಮೊದಲಿಗೆ ಬೀಳುತ್ತಿದ್ದುದರಿಂದ ಕೊನೆಯ ಸ್ವರಗಳು ಕ್ರಮೇಣ ಮಸುಕಾಗಿ ಉದುರಿದವು. ‘ದೌ’ ಎಂಬ ಏಕವಚನದ ‘ನೀನು’ ಬಳಕೆ ತಪ್ಪಿದಾಗ ಅದರ ‘ಎಸ್ಟ್’ ಪ್ರತ್ಯಯವೂ ಹೋಯಿತು.

ಇಂದಿನ ‘ಎಸ್’ ಮಾತ್ರ ಉತ್ತರ ಇಂಗ್ಲೆಂಡಿನಿಂದ ಬಂದದ್ದು. ಹತ್ತನೆಯ ಶತಮಾನದಲ್ಲಿ ಆಲ್ಡ್ರೆಡ್ ಎಂಬ ಪಾದ್ರಿ ಆ ಉತ್ತರ ಸೀಮೆಯ ‘ಲಿಂಡಿಸ್ಫಾರ್ನ್ ಸುವಾರ್ತೆಗಳು’ ಎಂಬ ಬೈಬಲ್ ಹಸ್ತಪ್ರತಿಯ ಲ್ಯಾಟಿನ್ ಸಾಲುಗಳ ನಡುವೆ ಬರೆದ ಅನುವಾದದಲ್ಲಿ ‘ಥ್’ ಜೊತೆಗೆ ‘ಸ್’ ಕೂಡ ಧಾರಾಳವಾಗಿ ಕಾಣುತ್ತದೆ. ಹದಿನಾಲ್ಕನೆಯ ಶತಮಾನದ ಲಂಡನ್ ಕವಿ ಚಾಸರ್, ತಾನು ಸಾಮಾನ್ಯವಾಗಿ ಹಳೆಯ ‘ಥ್’ನಿಂದ ಬಂದ ‘ಎಥ್’ ಬಳಸುತ್ತಿದ್ದರೂ, ಕಥೆಯೊಂದರಲ್ಲಿ ಉತ್ತರದ ಇಬ್ಬರು ವಿದ್ಯಾರ್ಥಿಗಳ ಬಾಯಲ್ಲಿ ‘ಎಸ್’ ಆಡಿಸಿ ಅವರ ಸೀಮೆಯನ್ನು ಸೂಚಿಸಿದ. ಇನ್ನೂರು ವರ್ಷಗಳಲ್ಲಿ ಆ ಸೀಮೆಯ ಮಾತು ರಾಜಧಾನಿಯನ್ನು ಹೊಕ್ಕಿತ್ತು. ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ನಾಯಕಿ ಪೋರ್ಷಿಯಾ ಕರುಣೆಯನ್ನು ಕುರಿತು ಆಡುವ ಒಂದೇ ಸಾಲಿನಲ್ಲಿ ‘ಬ್ಲೆಸೆಥ್’ ಇದೆ, ‘ಗಿವ್ಸ್’, ‘ಟೇಕ್ಸ್’ ಎಂಬವೂ ಇವೆ. ಛಂದಸ್ಸಿಗೆ ಒಂದು ಅಕ್ಷರ ಬೇಕಾದಲ್ಲಿ ಹಳೆಯ ರೂಪ, ಬೇಡವಾದಲ್ಲಿ ಹೊಸದು. 1611ರ ಬೈಬಲ್ ಅನುವಾದ ‘ಎಥ್’ ಅನ್ನೇ ಹಿಡಿದುಕೊಂಡಿತು. ಆದರೆ 1643ರಲ್ಲಿ ರಿಚರ್ಡ್ ಹಾಜಸ್ ಎಂಬ ಉಪಾಧ್ಯಾಯ, ಬರೆಯುವುದು ‘ಲೀಡೆಥ್’ ಆದರೂ ಜನ ಓದುವುದು ‘ಲೀಡ್ಸ್’ ಎಂದೇ ಎಂದು ದಾಖಲಿಸಿದ. ಇಂದಿನ ‘ಹ್ಯಾಸ್’, ‘ಡಸ್’ಗಳ ಹಳೆಯ ರೂಪಗಳಾದ ‘ಹ್ಯಾತ್’, ‘ಡತ್’ ಎಂಬೆರಡು ಮಾತ್ರ ಇನ್ನಷ್ಟು ಕಾಲ ಬಾಳಿದವು.

ಆದ್ದರಿಂದ ಈ ‘ಎಸ್’ ಅನ್ನು ತರ್ಕದಿಂದ ಹುಟ್ಟಿದ ನಿಯಮವೆಂದು ಬೋಧಿಸುವುದು ಸರಿಯಲ್ಲವೆಂದು ನನಗೆ ದೃಢವಾಗಿ ಅನಿಸುತ್ತದೆ. ಇಂಗ್ಲೆಂಡಿನದೇ ಆದ ನಾರ್ಫೋಕ್ ಪ್ರಾಂತ್ಯದ ಆಡುಮಾತಿನಲ್ಲಿ ‘ಶೀ ಗೋ’ ಎಂಬುದು ಸಹಜ ಬಳಕೆ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಕಲಿಯುತ್ತಿದ್ದ ಮೂವರು ಅಮೆರಿಕನ್ ಮಕ್ಕಳನ್ನು ಕುರಿತ ಮನೋವಿಜ್ಞಾನಿ ರೋಜರ್ ಬ್ರೌನ್ ಅವರ 1973ರ ಅಧ್ಯಯನದಲ್ಲೂ ಈ ಪ್ರತ್ಯಯ ತಡವಾಗಿ ಕೈಗೂಡಿದವುಗಳ ಸಾಲಿನಲ್ಲಿತ್ತು.

ಕನ್ನಡದಲ್ಲಿ ‘ನಾಳೆ ಬರುತ್ತೇನೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ಪ್ರತ್ಯಯವೇ ಕರ್ತೃವನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ ಕರ್ತೃಪದವನ್ನು ಬಿಡುವಂತಿಲ್ಲವಾದ್ದರಿಂದ ‘ಎಸ್’ ಹೊಸದಾಗಿ ಏನನ್ನೂ ತಿಳಿಸುವುದಿಲ್ಲ, ಅದು ಬಿಟ್ಟುಹೋದರೂ ಅರ್ಥ ಕೆಡುವುದಿಲ್ಲ. ಅದರ ಜಾಗವೂ ಸ್ಥಿರವಲ್ಲ: ಪ್ರಶ್ನೆ ಕೇಳುವಾಗ ಅದು ಮುಖ್ಯ ಕ್ರಿಯಾಪದವನ್ನು ಬಿಟ್ಟು ‘ಡೂ’ ಎಂಬುದಕ್ಕೆ ಸೇರಿ ‘ಡಸ್’ ಆಗುತ್ತದೆ. ‘ಡಸ್ ಹೀ ಲವ್ಸ್’ ಎಂದು ಬರೆದ ಮಗು, ಕಲಿತ ನಿಯಮವನ್ನು ಎರಡೂ ಕಡೆ ಶ್ರದ್ಧೆಯಿಂದ ಪಾಲಿಸಿದೆ.