ಹಗಲು ಕೆಲಸ, ರಾತ್ರಿ ಗೇಮ್: ಒಂದೇ ಮಾನಿಟರ್ ಕೊಳ್ಳುವುದಾದರೆ

ಮೈಸೂರಿನಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಕೆಲಸ ನನ್ನದು. ಮಾನಿಟರ್ ಕೇಳಿಕೊಂಡು ಬರುವವರಲ್ಲಿ ಈಗ ಜಾಸ್ತಿ ಜನರ ಬೇಡಿಕೆ ಒಂದೇ. ಹಗಲೆಲ್ಲ ಕೆಲಸ, ರಾತ್ರಿ ಊಟ ಆದಮೇಲೆ ಒಂದೆರಡು ಗಂಟೆ ಗೇಮ್, ಎರಡಕ್ಕೂ ಒಂದೇ ಪರದೆ ಆಗಬೇಕು. ಹೆಬ್ಬಾಳದ ಕಂಪನಿಗಳಲ್ಲಿದ್ದು ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುವವರು, ಇಂಜಿನಿಯರಿಂಗ್ ಓದುವ ಹುಡುಗರು, ಮನೆಯಲ್ಲೇ ಡಿಟಿಪಿ ಮಾಡುವವರು, ಎಲ್ಲರೂ ಬರುತ್ತಾರೆ. ಬಂದವರ ಮೊದಲ ಪ್ರಶ್ನೆ: "ಅಣ್ಣ, ಇದು ಎಷ್ಟು ಹರ್ಟ್ಸ್?"

ನಾನು ತಿರುಗಿ ಕೇಳುವುದು, ದಿನಕ್ಕೆ ಎಷ್ಟು ಹೊತ್ತು ಓದ್ತೀರಿ ಅಂತ. ಎಂಟು ಗಂಟೆ ಓದಿ ಎರಡು ಗಂಟೆ ಆಡುವವರು ಮೊದಲು ಅಕ್ಷರ ಚೆನ್ನಾಗಿ ಕಾಣುವ ಪರದೆ ಹುಡುಕಬೇಕು. ಆಟಕ್ಕೆ ಬೇಕಾದ ವೇಗ ಈಗ ಸಾಧಾರಣ ಬೆಲೆಯ ಮಾನಿಟರ್‌ಗಳಲ್ಲೂ ಸಿಗುತ್ತದೆ. ಅಕ್ಷರ ಒಡೆದು ಕಂಡರೆ ಮಾತ್ರ ಆಮೇಲೆ ಯಾವ ಸೆಟ್ಟಿಂಗ್‌ನಿಂದಲೂ ಪೂರ್ತಿ ಸರಿಮಾಡಲು ಆಗುವುದಿಲ್ಲ.

ಹಾಗಾಗಿ ನಾನು ಬೇಡ ಅನ್ನುವ ಮಾನಿಟರ್ ಒಂದಿದೆ: 27 ಇಂಚಿನ ಫುಲ್ ಎಚ್‌ಡಿ. ದೊಡ್ಡದು, ಬೆಲೆಯೂ ಕಡಿಮೆ, ಆದ್ದರಿಂದ ಬೇಗ ಕಣ್ಣಿಗೆ ಬೀಳುತ್ತದೆ. ಲೆಕ್ಕ ನೋಡಿ. 1920×1080 ಪಿಕ್ಸೆಲ್ ಇರುವ 24 ಇಂಚಿನ ಪರದೆಯಲ್ಲಿ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್ ಬರುತ್ತವೆ. ಅಷ್ಟೇ ಪಿಕ್ಸೆಲ್‌ಗಳನ್ನು 27 ಇಂಚಿಗೆ ಹರಡಿದರೆ ಸುಮಾರು 82ಕ್ಕೆ ಇಳಿಯುತ್ತದೆ. ಅದೇ 27 ಇಂಚಿನಲ್ಲಿ 2560×1440 ತೆಗೆದುಕೊಂಡರೆ 109.

ಇಂಗ್ಲಿಷ್ ಅಕ್ಷರಕ್ಕೆ 82 ಹೇಗೋ ನಡೆಯುತ್ತದೆ. ಕನ್ನಡಕ್ಕೆ ಕಷ್ಟ. ನಮ್ಮ ದ–ಧ, ಪ–ಫ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಷ ಅಂದರೆ ಪ ಒಳಗೆ ಇನ್ನೊಂದು ಗೆರೆ. ಒತ್ತಕ್ಷರಗಳಂತೂ ಮೂಲ ಅಕ್ಷರಕ್ಕಿಂತ ಚಿಕ್ಕವು. ಮಾನಿಟರ್ ನೋಡಲು ಬಂದವರಿಗೆ ನಾನು ಅದಕ್ಕೇ "ರಾಷ್ಟ್ರ", "ಸ್ತ್ರೀ", "ವಿದ್ಯಾರ್ಥಿ" ಅಂತ ಟೈಪ್ ಮಾಡಿ ತೋರಿಸುತ್ತೇನೆ. 27 ಇಂಚಿನ ಎರಡು ಪರದೆ ಅಕ್ಕಪಕ್ಕ, ಒಂದು ಫುಲ್ ಎಚ್‌ಡಿ, ಇನ್ನೊಂದು 1440. ಅಕ್ಷರ ಎರಡರಲ್ಲೂ ಒಂದೇ ಅಳತೆ ಬರುವಂತೆ ಜೂಮ್ ಮಾಡುತ್ತೇನೆ. ಫುಲ್ ಎಚ್‌ಡಿಯಲ್ಲಿ ಷ ಕೆಳಗಿನ ಎರಡು ಒತ್ತು ಒಂದಕ್ಕೊಂದು ಅಂಟಿಕೊಂಡು ಬೂದು ಮಚ್ಚೆಯ ಹಾಗೆ ಕಾಣುತ್ತವೆ. 1440ರಲ್ಲಿ ಅಷ್ಟೇ ಜಾಗಕ್ಕೆ ಮುಕ್ಕಾಲು ಪಾಲು ಜಾಸ್ತಿ ಪಿಕ್ಸೆಲ್ ಇರುವುದರಿಂದ ಟ ಒತ್ತು ಬೇರೆ, ರ ಒತ್ತು ಬೇರೆ ಅಂತ ಬಿಡಿಸಿ ಓದಬಹುದು. ಪ್ರೂಫ್ ನೋಡುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಬಜೆಟ್ ಚಿಕ್ಕದಾದರೆ 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ (ಪರದೆಯ ಪ್ಯಾನೆಲ್‌ನ ಒಂದು ಬಗೆ, ಮುಂದೆ ಹೇಳುತ್ತೇನೆ) ತೆಗೆದುಕೊಳ್ಳಿ, ಒಳ್ಳೆಯ ಆಯ್ಕೆ. ಸ್ವಲ್ಪ ಕೈ ಬಿಚ್ಚಬಹುದು ಅನ್ನುವವರಿಗೆ 27 ಇಂಚು, 1440, 144 ಹರ್ಟ್ಸ್ ಅಥವಾ ಮೇಲೆ. ಹಗಲು–ರಾತ್ರಿ ಎರಡಕ್ಕೂ ಇದಕ್ಕಿಂತ ಹೊಂದುವ ಅಳತೆ ನನಗೆ ಕಂಡಿಲ್ಲ.

ಇನ್ನು ಹರ್ಟ್ಸ್. ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಅನ್ನುವ ಲೆಕ್ಕ ಅದು. 60ರಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9, 240ರಲ್ಲಿ 4.2. ಮೊದಲ ಜಿಗಿತದಲ್ಲಿ ಸುಮಾರು 10 ಮಿಲಿಸೆಕೆಂಡ್ ಉಳಿಯುತ್ತದೆ, ಎರಡನೆಯದರಲ್ಲಿ 3 ಕೂಡ ಇಲ್ಲ. 60ರಿಂದ 144ಕ್ಕೆ ಹೋದರೆ ಮೌಸ್ ಆಡಿಸಿದ ಕೂಡಲೇ ಗೊತ್ತಾಗುತ್ತದೆ, ಪುಟ ಸ್ಕ್ರಾಲ್ ಮಾಡುವಾಗಲೂ ಹಿತ. 240 ಬೇಕಾಗುವುದು ವ್ಯಾಲೊರಂಟ್, ಸಿಎಸ್ ತರದ ಶೂಟಿಂಗ್ ಗೇಮ್‌ಗಳನ್ನು ಪಂದ್ಯಕ್ಕಾಗಿ ಆಡುವವರಿಗೆ. ಸುಮ್ನೆ ರಜದಲ್ಲಿ ಆಡುವ ಹುಡುಗನಿಗೆ ಆ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ ಅನ್ನುತ್ತೇನೆ.

ಯಾಕೆಂದರೆ ಪರದೆ ತೋರಿಸುವುದನ್ನು ತಯಾರು ಮಾಡುವುದು ಆ ಕಾರ್ಡು. ಫುಲ್ ಎಚ್‌ಡಿ ಅಂದರೆ ಸುಮಾರು 21 ಲಕ್ಷ ಪಿಕ್ಸೆಲ್, 1440 ಅಂದರೆ 37 ಲಕ್ಷ, 4ಕೆ ಅಂದರೆ 83 ಲಕ್ಷ. 4ಕೆ ಪರದೆಯಲ್ಲಿ ಅಕ್ಷರ ಅಚ್ಚಿನ ಹಾಗೆ ಬರುತ್ತದೆ, ನಿಜ. ಆದರೆ ಅದರಲ್ಲಿ ಹೊಸ ಗೇಮ್ ಆಡಲು ಫುಲ್ ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್ ತುಂಬಬೇಕು, ಸಾಧಾರಣ ಕಾರ್ಡು ಸುಸ್ತಾಗುತ್ತದೆ. ಆಡುವುದು ಕಡಿಮೆ, ಓದುವುದು ಜಾಸ್ತಿ ಅನ್ನುವವರು ಧೈರ್ಯವಾಗಿ 4ಕೆ ಕೊಳ್ಳಬಹುದು. ಯಾವುದೇ ಕೊಂಡರೂ ಫ್ರೀಸಿಂಕ್ ಅಥವಾ ಜಿ-ಸಿಂಕ್ ಇದೆಯೇ ನೋಡಿ. ಕಾರ್ಡು ಕೊಡುವ ಫ್ರೇಮಿಗೆ ತಕ್ಕ ಹಾಗೆ ಮಾನಿಟರ್ ತನ್ನ ವೇಗ ಹೊಂದಿಸಿಕೊಳ್ಳುತ್ತದೆ, ಚಿತ್ರ ಮಧ್ಯಕ್ಕೆ ಹರಿದ ಹಾಗೆ ಕಾಣುವುದಿಲ್ಲ.

ಪ್ಯಾನೆಲ್ ವಿಷಯದಲ್ಲಿ ನನ್ನ ಒಲವು ಐಪಿಎಸ್ ಕಡೆಗೆ. ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ವಿಎ ಪ್ಯಾನೆಲ್‌ನ ಕಪ್ಪು ಇನ್ನೂ ಗಾಢ, ಸಿನಿಮಾಕ್ಕೆ ಚೆಂದ, ಆದರೆ ಕತ್ತಲ ದೃಶ್ಯ ವೇಗವಾಗಿ ಸರಿದಾಗ ಹಿಂದೆ ನೆರಳು ಎಳೆಯುವುದುಂಟು. ಓಎಲ್ಇಡಿ ಆಟಕ್ಕೆ ಅದ್ಭುತ. ದಿನವಿಡೀ ಎಕ್ಸೆಲ್ ತೆರೆದಿಡುವವರಿಗೆ ಮಾತ್ರ ನಾನು ಕೊಡಲು ಹಿಂಜರಿಯುತ್ತೇನೆ. ಒಂದೇ ಜಾಗದಲ್ಲಿ ಕದಲದೆ ಇರುವ ಟಾಸ್ಕ್‌ಬಾರ್‌ನಂಥವು ವರ್ಷಗಳಲ್ಲಿ ಅಚ್ಚೊತ್ತಿಕೊಳ್ಳುವ ಅಪಾಯ ಇದೆ. ಡಬ್ಬದ ಮೇಲಿನ "1 ಎಂಎಸ್", ಅಂದರೆ ಪಿಕ್ಸೆಲ್ ಬಣ್ಣ ಬದಲಿಸಲು ಒಂದೇ ಮಿಲಿಸೆಕೆಂಡ್ ಸಾಕು ಅನ್ನುವುದನ್ನು ನೋಡಿ ಮರುಳಾಗಬೇಡಿ. ಅದನ್ನು ಅಳೆಯುವ ವಿಧಾನ ಬೇರೆಬೇರೆ, ಕಂಪನಿಗಳು ಚೆನ್ನಾಗಿ ಕಾಣುವ ಅಂಕಿಯನ್ನೇ ಹಾಕುತ್ತವೆ.

ಯಾರೂ ಕೇಳದ, ಆದರೆ ನಾನು ಬಿಡದೆ ಹೇಳುವ ಮಾತು ಸ್ಟ್ಯಾಂಡಿನದು. ಎತ್ತರ ಹೆಚ್ಚುಕಡಿಮೆ ಮಾಡಲು ಬರಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ಸ್ವಲ್ಪ ಕೆಳಕ್ಕೋ ಇದ್ದರೆ ಕತ್ತು ನೋಯುವುದು ಕಡಿಮೆ. ಆ ಸ್ಟ್ಯಾಂಡ್ ಸಿಗದಿದ್ದರೆ ಹಿಂಭಾಗದಲ್ಲಿ ವೇಸಾ ತೂತುಗಳು ಇವೆಯೇ ನೋಡಿ, ಅವಕ್ಕೆ ಆಮೇಲೆ ಆರ್ಮ್, ಅಂದರೆ ಪರದೆ ಎತ್ತಿ ಹಿಡಿಯುವ ತೋಳು, ಹಾಕಿಸಬಹುದು. ಮನೆಗೆ ಹೋಗಿ ಜೋಡಿಸುವಾಗ ಕಿಟಕಿ ಬೆನ್ನ ಹಿಂದೆಯೂ ಬೇಡ, ಪರದೆಯ ಹಿಂದೆಯೂ ಬೇಡ, ಪಕ್ಕಕ್ಕೆ ಇರಲಿ ಅಂತ ಟೇಬಲ್ ತಿರುಗಿಸಿಯೇ ಬರುತ್ತೇನೆ.

ಮಾನಿಟರ್ ಮನೆಗೆ ಬಂದ ದಿನವೇ ಎರಡು ಕೆಲಸ ಮಾಡಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್, ಅಂದರೆ ಹರ್ಟ್ಸ್, ಎಷ್ಟಿದೆ ನೋಡಿ. 144ರ ಪರದೆ ಕೊಂಡು ತಿಂಗಳುಗಟ್ಟಲೆ 60ರಲ್ಲೇ ಓಡಿಸಿದವರನ್ನು ಕಂಡಿದ್ದೇನೆ. ಅಲ್ಲಿ 144 ಕಾಣದಿದ್ದರೆ ಕೇಬಲ್ ಹಳೆಯದಿರಬಹುದು, ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ನೋಡಿ. ಆಮೇಲೆ ಪರದೆ ತುಂಬ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಒಂದೊಂದಾಗಿ ತುಂಬಿಸಿ ಸತ್ತ ಪಿಕ್ಸೆಲ್ ಇದೆಯೇ ಹುಡುಕಿ. ಒಂದೆರಡು ಚುಕ್ಕೆಗೆ ಎಲ್ಲ ಕಂಪನಿಯೂ ವಾರಂಟಿಯಲ್ಲಿ ಬದಲಿಸಿ ಕೊಡುವುದಿಲ್ಲ, ಅಂಗಡಿಯವರು ವಾಪಸ್ ತೆಗೆದುಕೊಳ್ಳುವ ಅವಧಿ ಮುಗಿಯುವುದರೊಳಗೆ ಹೇಳಬೇಕು. ಅಲ್ಲಿಯವರೆಗೆ ಡಬ್ಬ, ಥರ್ಮಕೋಲ್, ಬಿಲ್ ಯಾವುದನ್ನೂ ಬಿಸಾಡಬೇಡಿ.